ವಾಟ್ನಿ (ಪಾಲು) ಪತ್ರದಲ್ಲಿ ಮುತ್ಯಾನ (ಹಿರಿಯಜ್ಜನ) ಧಂದೆ (ಕಸುಬು) ‘ನೀಲಗಾರಿಕೆ’ ಅಂತ ಇದೆ. ನಾವು ನೇಕಾರರಲ್ವಾ?

ಗುಳೇದಗುಡ್ಡದ ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆತನದ ವಂಶಾವಳಿ ಬರೆದಿಡಬೇಕು ಅಂತ ಕೂತಿದ್ದೇನೆ. ಒಂದು ಕಡೆ ಕಗ್ಗಂಟಾಗಿದೆ, ಗೊತ್ತಿದ್ದವರು ಬಿಡಿಸಿ ಹೇಳಿ.

ಮನೆಯಲ್ಲಿ ಎಲ್ಲರೂ ಹೇಳೋದು ಒಂದೇ ಮಾತು: ನಾವು ತಲೆತಲಾಂತರದಿಂದ ಖಣ (ಕುಪ್ಪಸದ ಬಟ್ಟೆ) ನೇಯ್ದವರು. ಅಜ್ಜ ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ನೇಯ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಈಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ವಾಟ್ನಿ ಪತ್ರ ಸಿಕ್ಕಿದೆ. ಶಕೆ 1833, ವಿರೋಧಿಕೃತ್ ಸಂವತ್ಸರ ಅಂತ ಬರೆದಿದೆ. ಅಜ್ಜನ ಅಜ್ಜ ಮತ್ತು ಅವರ ತಮ್ಮ ಪಾಲಾದ ಕಾಗದ. ಅಣ್ಣನ ಹೆಸರಿನ ಮುಂದೆ ‘ಧಂದೆ ನೀಲಗಾರಿಕೆ’, ತಮ್ಮನ ಹೆಸರಿನ ಮುಂದೆ ‘ಧಂದೆ ನೇಕಾರಿಕೆ’. ಅಣ್ಣನ ಪಾಲಿಗೆ ಬಂದದ್ದು ‘ಹಿತ್ತಲದೊಳಗೆ ಹುಗಿದ ಹರವಿ ಆರು, ಅರೆಯುವ ಕಲ್ಲು ಒಂದು’; ಹರವಿ ಅಂದರೆ ದೊಡ್ಡ ಮಣ್ಣಿನ ಗಡಿಗೆ. ತಮ್ಮನಿಗೆ ಮಗ್ಗ ಎರಡು.

ಒಂದೇ ತಾಯಿಯ ಮಕ್ಕಳಿಗೆ ಎರಡು ಕಸುಬು ಹೇಗೆ? ದೊಡ್ಡಪ್ಪನಿಗೆ ತೋರಿಸಿದರೆ “ಅದೆಲ್ಲಾ ಯಾಕ ಕೆದಕತಿ, ಮುಚ್ಚಿಡು” ಅಂದರು. ಮದುವೆ ಮಾತುಕತೆ ವೇಳೆ ಯಾರಾದರೂ ‘ನೀವು ಬೇರೆ ಜನ’ ಅಂದಾರು ಅನ್ನೋ ಭಯ ಅವರಿಗೆ. ನನಗೆ ಮುಚ್ಚಿಡೋದು ಬೇಡ. ಆ ಮನುಷ್ಯ ದಿನವಿಡೀ ಏನು ಕೆಲಸ ಮಾಡ್ತಿದ್ದ ಅಂತ ತಿಳಿಯಬೇಕು.

ಬಾದಾಮಿ ಬೆಟ್ಟ
ಅಡ್ಡಹೆಸರು ಏನು ಅಂತ ಹೇಳಿಲ್ಲ ನೀವು. ನಮ್ಮ ಕಡೆ ಅಡ್ಡಹೆಸರಿನಲ್ಲೇ ಕಸುಬು ಇರುತ್ತದೆ. ಬಡಿಗೇರ, ಕಂಬಾರ, ಪತ್ತಾರ, ಗಾಣಿಗೇರ, ಹೂಗಾರ, ಬಳಿಗಾರ. ಇದಕ್ಕೆ ಕಾಗದ ಯಾಕೆ ಬೇಕು?

ನಾಲಬಂದ ಗಲ್ಲಿ, ವಿಜಯಪುರ
ಬೆಟ್ಟದವರೇ, ನಮ್ಮ ಅಡ್ಡಹೆಸರೇ ನಾಲಬಂದ. ಕುದುರೆಗೆ ಲಾಳ ಹೊಡೆಯುವವರು. ನಮ್ಮ ಅಬ್ಬಾ ಬಸ್ ಡ್ರೈವರ್, ದಾದಾ ಟೇಲರ್, ಅವರ ತಂದೆ ಹಣ್ಣಿನ ದಲಾಲಿ. ಆದಿಲಶಾಹಿ ಹೋಗಿದ್ದು 1686ರಲ್ಲಿ. ಲಾಳ ಹೊಡೆದವರು ಯಾವ ತಲೆಮಾರಿನವರು ಅಂತ ಈ ಹೆಸರು ಹೇಳುತ್ತಾ? ಎಂದೋ ಒಂದು ಕಾಲಕ್ಕೆ, ಯಾರೋ ಒಬ್ಬರು ಅಂತ ಅಷ್ಟೇ ಹೇಳುತ್ತದೆ. ನಮ್ಮೂರಲ್ಲಿ ಅತ್ತಾರ, ಬಾಗವಾನ, ಮನಿಯಾರ, ಸಿಕಲಗಾರ ಎಲ್ಲ ಇದ್ದಾರೆ. ಕತ್ತಿ ಸಾಣೆ ಹಿಡಿಯೋ ಸಿಕಲಗಾರರು ಈಗ ಎಷ್ಟು ಮಂದಿ ಉಳಿದಿದ್ದಾರೆ ಹೇಳಿ.

ಕಾವೇರಿ ಕಡೆಯವ
ನಮ್ಮ ಮಂಡ್ಯ, ಚಾಮರಾಜನಗರದ ಕಡೆ ನೀಲಗಾರರು ಅಂದ್ರೆ ಮಂಟೇಸ್ವಾಮಿ ಕಾವ್ಯ ಹಾಡುವವರು. ತಂಬೂರಿ ಹಿಡಿದು ರಾತ್ರಿಯಿಡೀ ಹಾಡ್ತಾರೆ. ನಿಮ್ಮ ಮುತ್ತಾತ ಹಾಡುಗಾರರೇ ಇರಬೇಕು!

ಮಗ್ಗದ ಮನಿ, ಇಳಕಲ್
ಸರ್, ಅದು ಆ ಕಡೆ. ಇಲ್ಲಿ ಅದೇ ಹೆಸರು ಬೇರೆ ಕೆಲಸಕ್ಕೆ. ನಮ್ಮ ಭಾಗದಲ್ಲಿ ನೀಲಗಾರ ಅಂದರೆ ನೀಲಿ ಬಣ್ಣ ಹಾಕುವವ.

ತಂಗೀ, ನಿಮ್ಮ ಕಾಗದದಲ್ಲಿ ಉತ್ತರ ಹರವಿಯಲ್ಲೇ ಇದೆ. ಕಾಳು ತುಂಬಿಡೋ ಹರವಿಯನ್ನು ಯಾರೂ ಹಿತ್ತಲಲ್ಲಿ ಹುಗಿಯೋದಿಲ್ಲ. ಕಾಳಿಗೆ ಹಗೇವು (ನೆಲದೊಳಗಿನ ಕಾಳಿನ ಗುಂಡಿ) ಇರ್ತಿತ್ತು, ಇಲ್ಲಾ ಒಳಗಿನ ಪಡಸಾಲೆಯಲ್ಲಿ ಕಣಜ. ಹುಗಿದ ಹರವಿ, ಅದೂ ಆರು, ಜೊತೆಗೆ ಅರೆಯುವ ಕಲ್ಲು ಅಂದರೆ ಅದು ಬಣ್ಣದ ಮನೆ. ನೀಲಿ ಗಟ್ಟಿ ಬರ್ತಿತ್ತು, ಕಲ್ಲಿನ ಮೇಲೆ ನೀರು ಬಿಟ್ಟು ನುಣ್ಣಗೆ ಅರೀಬೇಕು. ಹರವಿಗೆ ನೀರು, ಸುಣ್ಣ, ಬೇಯಿಸಿದ ತಗಚೆ ಬೀಜ ಹಾಕಿ ಹುಳಿ ಬರಿಸಬೇಕು. ನೀಲಿ ಗಟ್ಟಿ ನೀರಿನಲ್ಲಿ ಸುಮ್ನೆ ಕರಗೋದಿಲ್ಲ, ಹುಳಿ ಬಂದ ಮೇಲೇ ಕರಗೋದು. ಹರವಿ ನೆಲದಲ್ಲಿ ಹುಗಿದಿದ್ದರೆ ಬೆಚ್ಚಗೆ ಇರ್ತದೆ. ಹದ ಬಂದಾಗ ಮೇಲೆ ತಾಮ್ರದ ಬಣ್ಣದ ನೊರೆ ಕಟ್ಟುತ್ತದೆ.

ನೂಲಿನ ಲಡಿ ಅದ್ದಿ ತೆಗೆದಾಗ ನೀಲಿ ಇರೋದೇ ಇಲ್ಲ, ಹಳದಿ ಮಿಶ್ರ ಹಸಿರು. ಹಿಂಡಿ ಗಾಳಿಗೆ ಹಿಡಿದರೆ ನೋಡ್ತಾ ನೋಡ್ತಾ ನೀಲಿಗೆ ತಿರುಗುತ್ತದೆ. ಒಮ್ಮೆ ಅದ್ದಿದರೆ ತಿಳಿ ನೀಲಿ. ಮತ್ತೆ ಮತ್ತೆ ಅದ್ದಿ ಒಣಗಿಸಿದರೆ ಕಪ್ಪಿಗೆ ಹತ್ತಿರ. ಚಂದ್ರಕಾಳಿ ಸೀರೆಯ ಆ ಕಪ್ಪು ಬರಬೇಕಾದರೆ ಎಷ್ಟು ಸಲ ಅದ್ದಬೇಕು ಯೋಚನೆ ಮಾಡಿ. ಹರವಿ ಆರು ಯಾಕೆ ಅಂತ ಈಗ ತಿಳೀತಲ್ಲ? ಹಳೆ ಹರವಿಯಲ್ಲಿ ಮೊದಲ ಅದ್ದು, ಹೊಸ ಹರವಿಯಲ್ಲಿ ಕೊನೆಯ ಅದ್ದು.

ಅಣ್ಣ ಬಣ್ಣ ಹಾಕಿದ, ತಮ್ಮ ನೇಯ್ದ. ಒಂದೇ ಮನೆಯಲ್ಲಿ ನೂಲು ಹೊರಗೆ ಕೊಡದೆ ಕೆಲಸ ಮುಗೀತಿತ್ತು. ಇದರಲ್ಲಿ ಮುಚ್ಚಿಡೋದು ಏನಿದೆ? ಬಣ್ಣ ಬಿಡದ ನೀಲಿ ಹಾಕೋದು ನೇಯೋದಕ್ಕಿಂತ ಸುಲಭದ ವಿದ್ಯೆ ಅಲ್ಲವೇ ಅಲ್ಲ.

ಗುಳೇದಗುಡ್ಡದ ಮಗಳು
ಅಣ್ಣಾ, ಓದಿ ಮೈ ಜುಮ್ಮೆಂದಿತು. ಹರವಿ ಕಾಳಿನವು ಅಂತಲೇ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಆದರೆ ಕೆಂಪು ಬಣ್ಣ? ನಮ್ಮ ಖಣದಲ್ಲಿ ಕೆಂಪು ದಡಿ ಜಾಸ್ತಿ. ಅದನ್ನೂ ಇವರೇ ಹಾಕ್ತಿದ್ರಾ?

ಮಗ್ಗದ ಮನಿ, ಇಳಕಲ್
ಸಾಮಾನ್ಯವಾಗಿ ಇಲ್ಲ. ಕೆಂಪಿನ ಕೆಲಸವೇ ಬೇರೆ. ಮಡ್ಡಿ ಬೇರು ಕುಟ್ಟಿ, ಎಣ್ಣೆ, ಪಟಕ ಎಲ್ಲ ಹಾಕಿ ಕುದಿಸಬೇಕು. ನೀಲಿಗೆ ಹುಳಿ ಬರಿಸಬೇಕು, ಕೆಂಪಿಗೆ ಕುದಿಸಬೇಕು. ಕೈ ಒಗ್ಗಿದವರೂ ಬೇರೆ ಬೇರೆ.

ಹಳೆ ಕಾಗದ
ಮೊದಲು ಕಾಲ ಸರಿ ಮಾಡಿಕೊಳ್ಳೋಣ. ಶಕೆಗೆ 78 ಕೂಡಿಸಿ: 1833ಕ್ಕೆ 1911. ವಿರೋಧಿಕೃತ್ ಸಂವತ್ಸರ 1911-12ಕ್ಕೇ ಬರುತ್ತದೆ, ಹಾಗಾಗಿ ತಾಳೆ ಸರಿ ಇದೆ. ಬರೀ ಸಂವತ್ಸರದ ಹೆಸರು ಇರೋ ಕಾಗದ ಸಿಕ್ಕರೆ ಹುಷಾರು, 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಫಸಲಿ (ಕಂದಾಯದ ವರ್ಷ) ಇದ್ದರೆ 590 ಕೂಡಿಸಿ, ಒಂದು ವರ್ಷ ಆಚೀಚೆ ಆಗಬಹುದು.

1911 ಅನ್ನೋದು ಇಲ್ಲಿ ಬಹಳ ಮುಖ್ಯ. ಜರ್ಮನಿಯ ಕಂಪನಿ ಕಾರ್ಖಾನೆಯಲ್ಲಿ ಮಾಡಿದ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿದ್ದು 1897ರಲ್ಲಿ. ಅಲ್ಲಿಂದ ಹದಿನೈದು ವರ್ಷದೊಳಗೆ ಗಿಡದ ನೀಲಿ ವ್ಯಾಪಾರ ನೆಲ ಕಚ್ಚಿತು. ಕೆಂಪು ಇನ್ನೂ ಮೊದಲೇ ಹೋಯಿತು, 1868ರಲ್ಲೇ ಅದರ ಕೃತಕ ಬಣ್ಣ ಕಂಡುಹಿಡಿದಿದ್ದರು. ಅಂದರೆ ಈ ಹಿರಿಯರು ಕಸುಬು ಮುಳುಗೋ ಹೊತ್ತಿನಲ್ಲಿ ಪಾಲು ತೆಗೆದುಕೊಂಡಿದ್ದಾರೆ. ಅವರ ಮಕ್ಕಳು ಕಾಕಾನ ಮಗ್ಗಕ್ಕೆ ಹೋಗಿ ಕೂತಿರಬಹುದು. ಎರಡು ತಲೆಮಾರಿನಲ್ಲಿ ‘ನಾವು ಮೊದಲಿಂದಲೂ ನೇಕಾರರು’ ಅನ್ನೋ ಮಾತು ಗಟ್ಟಿಯಾಗುತ್ತದೆ. ಇದು ಊಹೆ, ನಡುವಿನ ಕಾಗದ ಹುಡುಕಿ ನೋಡಿ.

ಇನ್ನು ‘ಧಂದೆ’ ಅನ್ನೋ ಪದದ ಬಗ್ಗೆ. ನಮ್ಮ ಮುಂಬಯಿ ಇಲಾಖೆಯ ದಸ್ತಾವೇಜುಗಳಲ್ಲಿ ವಯಾ (ವಯಸ್ಸು), ಧಂದೆ, ಸಾ॥ (ವಾಸದ ಊರು) ಅಂತ ಬರೆಯೋದು ರೂಢಿ. ಅದನ್ನು ದೇವರ ವಾಕ್ಯ ಅಂದುಕೊಳ್ಳಬೇಡಿ. ಬರೆಸಿದವರಿಗೆ ಏನು ಲಾಭ ಇತ್ತು ಅಂತ ಕೇಳಿಕೊಳ್ಳಿ. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು, ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದನಗರಕ್ಕೆ, ಆಮೇಲೆ ಬೇರೆ ಜಿಲ್ಲೆಗಳಿಗೂ. ಅದರ ಪ್ರಕಾರ ರೈತ ಅನ್ನಿಸಿಕೊಂಡವನನ್ನು ಸಾಲಕ್ಕಾಗಿ ಜೈಲಿಗೆ ಹಾಕುವಂತಿರಲಿಲ್ಲ. ಮುಂದೆ 1948ರ ಮುಂಬಯಿ ಗೇಣಿ ಕಾಯ್ದೆಯಲ್ಲಿ ಒಕ್ಕಲುತನ ಮಾಡದವರು ಹೊಲ ಕೊಳ್ಳೋದೇ ಕಷ್ಟವಾಯಿತು. ಹೀಗಿದ್ದಾಗ ಚಪ್ಪಲಿ ಹೊಲಿಯುವವ, ಗಾಣ ಹೊಡೆಯುವವ, ಅಂಗಡಿಯವ ಎಲ್ಲರೂ ‘ಧಂದೆ ಒಕ್ಕಲುತನ’ ಅಂತ ಬರೆಸಿದ್ದರೆ ಆಶ್ಚರ್ಯ ಏನಿದೆ? ನಿಮ್ಮ ಕಾಗದದಲ್ಲಿ ‘ನೀಲಗಾರಿಕೆ’ ಅಂತ ಇದೆಯಲ್ಲ, ಹಾಗೆ ಬರೆಸಿದರೆ ಯಾವ ಲಾಭವೂ ಇರಲಿಲ್ಲ. ಜೊತೆಗೆ ಹರವಿ, ಕಲ್ಲು ಸಾಕ್ಷಿ ಇವೆ. ಅದಕ್ಕೇ ನಾನು ನಂಬುತ್ತೇನೆ.

ಬಾದಾಮಿ ಬೆಟ್ಟ
ಸರಿ, ಒಪ್ಪಿದೆ. ಆದರೂ ಆಯಗಾರರ (ಊರ ಕೆಲಸಕ್ಕೆ ಕಾಳಿನ ಪಾಲು ಪಡೆಯುವವರ) ಮಾತು ಬೇರೆ. ಬಡಿಗ, ಕಂಬಾರ, ಕುಂಬಾರ, ಅಗಸ ಇವರದ್ದು ವಂಶದ ಕೆಲಸ. ರಾಶಿ ಆದಾಗ ಕಣಕ್ಕೆ ಹೋಗಿ ಆಯ ತಗೊಳ್ಳೋ ಹಕ್ಕು ಇತ್ತು. ಅಲ್ಲಿ ಅಡ್ಡಹೆಸರು ತಪ್ಪೋದಿಲ್ಲ.

ಹಳೆ ಕಾಗದ
ಹಕ್ಕು ವಂಶದ್ದು, ಕೆಲಸ ಎಲ್ಲರದ್ದೂ ಅಲ್ಲ. ಒಂದು ಊರಿಗೆ ಬಡಿಗನ ಮನೆ ಒಂದೋ ಎರಡೋ. ನಾಲ್ವರು ಅಣ್ಣತಮ್ಮಂದಿರಿದ್ದರೆ ಆಯ ಹಂಚಿಕೊಂಡು ಬದುಕೋಕೆ ಆಗ್ತಿತ್ತಾ? ಒಬ್ಬ ಕೆಲಸ ಮಾಡುತ್ತಿದ್ದ, ಉಳಿದವರು ಹೊಲಕ್ಕೋ, ಪೇಟೆಗೋ ಹೋಗುತ್ತಿದ್ದರು. ಹೆಸರು ಮಾತ್ರ ನಾಲ್ವರಿಗೂ ಬಡಿಗೇರ. ಗೌಡಕಿ, ಕುಲಕರ್ಣಿಕಿಯದ್ದೂ ಇದೇ ಕಥೆ, ಪಾಳಿ ಹಾಕಿ ನಡೆಸುತ್ತಿದ್ದರು. 1961ರ ಕಾಯ್ದೆಯಲ್ಲಿ ಆ ವಂಶಪಾರಂಪರ್ಯದ ಹುದ್ದೆಗಳೇ ಹೋದವು, ಅಡ್ಡಹೆಸರು ಉಳಿಯಿತು.

ಶಹಾಪುರ ಪೇಟೆ, ಬೆಳಗಾವಿ
ಗೋಕಾಕ ಆಟಿಗೆ ಎಲ್ಲರಿಗೂ ಗೊತ್ತು ಅಲ್ವಾ? ಆ ಬಣ್ಣದ ಹಣ್ಣು, ಗೊಂಬೆ. ಅದನ್ನು ಮಾಡುವವರಲ್ಲಿ ಜೀನಗಾರರು ಇದ್ದಾರೆ. ಜೀನು ಅಂದರೆ ಕುದುರೆಯ ತಡಿ. ದಂಡು, ಸರದಾರರು ಹೋದ ಮೇಲೆ ತಡಿ ಯಾರಿಗೆ ಬೇಕು? ಕೈಯಲ್ಲಿ ಬಣ್ಣ, ಕಟ್ಟಿಗೆ ಕೆಲಸ ಇತ್ತು, ಅದನ್ನೇ ಹಿಡಿದರು. ಹೆಸರು ನೋಡಿ ‘ತಡಿ ಹೊಲಿಯುವವರು’ ಅಂತ ವಂಶಾವಳಿಯಲ್ಲಿ ಬರೆದುಬಿಟ್ಟರೆ ಗೊಂಬೆ ಮಾಡಿ ಮಕ್ಕಳನ್ನು ಸಾಕಿದ ಅಷ್ಟೂ ಜನ ಅಳಿಸಿಹೋಗ್ತಾರೆ.

ಕೃಷ್ಣಾ ತೀರ
ಉಪ್ಪಾರರದ್ದೂ ಹಾಗೇ. ಸವಳು ಮಣ್ಣಿನಿಂದ ಉಪ್ಪು ತೆಗೀತಿದ್ದರು. ಬ್ರಿಟಿಷರ ಉಪ್ಪಿನ ಕಾನೂನು ಬಂದು ಆ ಕೆಲಸ ನಿಂತಿತು. ಆಮೇಲೆ ಗೋಡೆ ಕಟ್ಟೋದು, ಸುಣ್ಣ ಸುಡೋದು. ಬಾಗಲಕೋಟೆ ಹಳೇ ಪೇಟೆಯಲ್ಲಿ ಇಂಥ ಒಂದೊಂದು ಕೆಲಸಕ್ಕೂ ಒಂದೊಂದು ಓಣಿ ಇತ್ತು. ಆಲಮಟ್ಟಿ ಹಿನ್ನೀರು ಬಂದು ಅರ್ಧ ಪೇಟೆ ಹೋಯಿತು, ನಾವೆಲ್ಲ ನವನಗರಕ್ಕೆ ಬಂದೆವು. ಸೆಕ್ಟರ್ ನಂಬರಿನಲ್ಲಿ ಯಾವ ಕಸುಬು ಹುಡುಕೋದು? ಮನೆ ಖಾಲಿ ಮಾಡುವಾಗ ಹಳೇ ಕಡತ, ಲೆಕ್ಕದ ಪುಸ್ತಕ ಎಲ್ಲಾ ರದ್ದಿಗೆ ಹಾಕಿದ ಮನೆಗಳು ಎಷ್ಟೋ. ಇದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಂಥವರು ಮುಳುಗಡೆ ಪರಿಹಾರದ ಕಾಗದ ಇದ್ದರೆ ಜೋಪಾನ ಮಾಡಿ. ಹಳೇ ಮನೆಯ ಸಿಟಿ ಸರ್ವೆ ನಂಬರ್ ಅದರಲ್ಲಿ ಇದ್ದರೆ ಅಲ್ಲಿಂದ ಹಿಂದಕ್ಕೆ ಹೋಗಬಹುದು.

ಐಹೊಳೆ ಅಭಿಮಾನಿ
ನಮ್ಮ ಮನೆತನ ಶೆಟ್ಟರು. ಹಾಗಾದರೆ ನಾವು ಅಯ್ಯಾವೊಳೆ ಐನೂರ್ವರ ವಂಶದವರೇ ಅಂತ ಆಯಿತಲ್ಲ. ಊರು ಐಹೊಳೆ ಪಕ್ಕದ್ದೇ.

ನಾಲಬಂದ ಗಲ್ಲಿ, ವಿಜಯಪುರ
ಅಣ್ಣಾ, ಐನೂರ್ವರು ಅನ್ನೋದು ವರ್ತಕರ ಸಂಘ. ಒಂದು ಕುಟುಂಬ ಅಲ್ಲ. ಅವರ ಶಾಸನ ದಕ್ಷಿಣ ಭಾರತದ ತುಂಬ ಇವೆ, ತಮಿಳುನಾಡಿನಲ್ಲೂ ಇವೆ. ಸಾವಿರ ವರ್ಷದ ಆ ಸಂಘದಿಂದ ನಿಮ್ಮ ಮುತ್ಯಾನವರೆಗೆ ಒಂದು ಹೆಸರೂ ಸಿಗದೆ ಸೇತುವೆ ಕಟ್ಟಬೇಡಿ. ಗೊತ್ತಿರೋ ಹಿರಿಯರಿಂದ ಹಿಂದಕ್ಕೆ ಹೋಗಿ.

ಐಹೊಳೆ ಅಭಿಮಾನಿ
ಅಭಿಮಾನ ಪಟ್ಟರೆ ತಪ್ಪೇನು?

ನಾಲಬಂದ ಗಲ್ಲಿ, ವಿಜಯಪುರ
ಅಭಿಮಾನಕ್ಕೆ ಅಡ್ಡಿ ಇಲ್ಲ. ವಂಶಾವಳಿಯಲ್ಲಿ ಬರೆಯೋದು ಬೇಡ ಅಂತಷ್ಟೇ.

ಕಂಡಿಕಿ
ಇಷ್ಟೆಲ್ಲ ಓದಿದೆ. ಅಣ್ಣ, ತಮ್ಮ, ಅಜ್ಜ, ಮುತ್ಯಾ. ಹೆಣ್ಣುಮಕ್ಕಳ ಧಂದೆ ಎಲ್ಲಿ?

ನಾನು ರಬಕವಿಯವಳು. ಮಗ್ಗದ ಮೇಲೆ ಗಂಡಸು ಕೂರುವ ಮೊದಲು ಮನೆಯ ಹೆಂಗಸರು ಎಷ್ಟು ಕೆಲಸ ಮುಗಿಸಿರ್ತಾರೆ ಗೊತ್ತಾ? ನೂಲು ಬಿಚ್ಚೋದು, ರಾಟೆಯಲ್ಲಿ ಕಂಡಿಕೆ ಸುತ್ತೋದು, ಹಾಸಿನ ಎಳೆಗೆ (ಮಗ್ಗದ ಉದ್ದ ನೂಲಿಗೆ) ಗಂಜಿ ಕೊಡೋದು, ಹರಿದ ಎಳೆ ಕೂಡಿಸೋದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ನಮ್ಮ ಅವ್ವ ಕಂದೀಲಿನ ಬೆಳಕಿನಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಅವಳ ಹೆಸರಿನ ಯಾವ ಕಾಗದ ತೆಗೆದರೂ ‘ಧಂದೆ ಮನೆಗೆಲಸ’. ನೇಕಾರ ಅನ್ನೋ ಹೆಸರು ಅಪ್ಪನಿಗೆ ಮಾತ್ರ.

ಗುಳೇದಗುಡ್ಡದ ಅಕ್ಕಾ, ಆ ಮುತ್ಯಾನ ಹೆಂಡತಿ ತಗಚೆ ಬೀಜ ಬೇಯಿಸಿರಬಹುದು, ಸುಣ್ಣ ಸೋಸಿರಬಹುದು. ಅವರ ಹೆಸರು ವಾಟ್ನಿ ಪತ್ರದಲ್ಲಿ ಇರೋದಿಲ್ಲ. ಮನೆಯ ಹಿರಿಯ ಹೆಂಗಸರನ್ನು ಕೇಳಿ. ದೊಡ್ಡಪ್ಪನನ್ನು ಕೇಳಿದರೆ ಸಾಲದು.

ಮಗ್ಗದ ಮನಿ, ಇಳಕಲ್
ನೂರಕ್ಕೆ ನೂರು ನಿಜ ತಂಗೀ. ಹೆಂಗಸರ ಕೈ ಇಲ್ಲದೆ ಒಂದು ಸೀರೆಯೂ ಮಗ್ಗದಿಂದ ಇಳಿಯೋದಿಲ್ಲ.

ಜಮಖಂಡಿಯವ
ರಬಕವಿ ಹೆಸರು ಬಂದದ್ದಕ್ಕೆ ಒಂದು ಮಾತು. ಈಗ ಎಲ್ಲವೂ ಬಾಗಲಕೋಟೆ ಜಿಲ್ಲೆ. ಆದರೆ ಆಗ ಜಮಖಂಡಿ ಒಂದು ಸಂಸ್ಥಾನ, ಮುಧೋಳ ಇನ್ನೊಂದು, ತೇರದಾಳ ಮತ್ತು ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. 1948ರಲ್ಲಿ ಇವೆಲ್ಲ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಹಾಗಾಗಿ ಹಳೇ ದಫ್ತರ ಜಿಲ್ಲಾ ಕಚೇರಿಯಲ್ಲಿ ಇಲ್ಲ ಅಂದರೆ ಕೈಬಿಡಬೇಡಿ, ಊರು ಆಗ ಯಾರ ಕೈಯಲ್ಲಿತ್ತು ನೋಡಿ. ಜಿಲ್ಲೆಯ ಹೆಸರೂ ಗೊಂದಲ. 1880ರ ದಶಕದ ಮಧ್ಯದವರೆಗೆ ಕಲಾದಗಿ ಜಿಲ್ಲೆ, ಆಮೇಲೆ ಬಿಜಾಪುರ, 1997ರಲ್ಲಿ ಬಾಗಲಕೋಟೆ ಬೇರೆಯಾಯಿತು.

ಶಹಾಪುರ ಪೇಟೆ, ಬೆಳಗಾವಿ
ಶಹಾಪುರವೂ ಸಾಂಗಲಿಯದ್ದೇ. ಪಕ್ಕದ ಬೆಳಗಾವಿ ಬ್ರಿಟಿಷರದ್ದು. ಒಂದು ರಸ್ತೆ ದಾಟಿದರೆ ಬೇರೆ ಸರಕಾರ!

ಓದುವ ಹುಡುಗ
ಹಳೇ ಜನಗಣತಿಯಲ್ಲಿ ಮನೆಮನೆಯ ಕಸುಬು ಸಿಗಲ್ವಾ? ಇಂಗ್ಲೆಂಡಿನಲ್ಲಿ 1881ರ ಗಣತಿಯಲ್ಲಿ ಹೆಸರು ಹಾಕಿದರೆ ಕಸುಬು ಬರುತ್ತಂತೆ.

ಹಳೆ ಕಾಗದ
ಅಲ್ಲಿ ಮನೆಮನೆಯ ಪುಸ್ತಕ ಉಳಿಸಿದರು. ಇಲ್ಲಿ ಲೆಕ್ಕ ಕೂಡಿಸಿ ಅಂಕಿ ಮಾತ್ರ ಇಟ್ಟುಕೊಂಡು ಮೂಲ ಚೀಟಿಗಳನ್ನು ಹಾಳು ಮಾಡಿದರು. ತಾಲೂಕಿನಲ್ಲಿ ಎಷ್ಟು ನೇಕಾರರು ಅಂತ ಸಿಗಬಹುದು, ನಿಮ್ಮ ಮುತ್ಯಾ ಸಿಗೋದಿಲ್ಲ. ಊರಿನ ಕಸುಬು ತಿಳಿಯೋಕೆ 1884ರ ಬಿಜಾಪುರ ಗೆಜೆಟಿಯರ್ ಓದಿ, ನೇಕಾರಿಕೆ, ಬಣ್ಣಗಾರಿಕೆ ಬಗ್ಗೆ ಇದೆ.

ನಾಲಬಂದ ಗಲ್ಲಿ, ವಿಜಯಪುರ
ಗೆಜೆಟಿಯರ್ ಓದುವಾಗ ಒಂದು ಎಚ್ಚರ. ಮಗ್ಗ, ಬಣ್ಣ, ಸಂತೆ ಬಗ್ಗೆ ಬರೆದದ್ದು ಉಪಯೋಗ ಇದೆ. ಜನರ ಸ್ವಭಾವದ ಬಗ್ಗೆ ಬರೆದದ್ದನ್ನು ನಕಲು ಮಾಡಬೇಡಿ. ‘ಸೋಮಾರಿಗಳು’, ‘ಕಪಟಿಗಳು’ ಅಂತೆಲ್ಲ ಇಡೀ ಸಮುದಾಯಕ್ಕೆ ಹಣೆಪಟ್ಟಿ ಹಚ್ಚಿದ್ದಾರೆ. 1871ರ ಕಾಯ್ದೆಯಲ್ಲಿ ಎಷ್ಟೋ ಅಲೆಮಾರಿಗಳಿಗೆ ಹುಟ್ಟಿನಿಂದಲೇ ಅಪರಾಧಿಗಳು ಅಂತ ಮುದ್ರೆ ಒತ್ತಿದರು. ಅಂಥವರನ್ನು ಕೂಡಿಹಾಕಿದ ಸೆಟಲ್‌ಮೆಂಟ್ ನಮ್ಮ ವಿಜಯಪುರದಲ್ಲೇ ಇತ್ತು. ಅವರ ಮೊಮ್ಮಕ್ಕಳು ಇವತ್ತು ವಂಶ ಹುಡುಕಲು ಹೋದರೆ ಸರಕಾರಿ ಕಾಗದದಲ್ಲಿ ‘ಕಸುಬು ಕಳ್ಳತನ’ ಅಂತ ಸಿಗುತ್ತದೆ. ಅದನ್ನು ಓದೋವಾಗ ಏನನ್ನಿಸಬೇಡ? ಅವರಲ್ಲಿ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿದವರಿದ್ದರು, ಚಾಪೆ ಹೆಣೆದವರಿದ್ದರು. ರೈಲು ಬಂದು ಅವರ ಎತ್ತಿನ ವ್ಯಾಪಾರ ಹೋಯಿತು. ಅದನ್ನು ಯಾರೂ ಬರೆಯಲಿಲ್ಲ.

ಕಂಡಿಕಿ
ಇದನ್ನು ಬರೆದದ್ದಕ್ಕೆ ಧನ್ಯವಾದ ಅಣ್ಣಾ.

ಸುಗ್ಗಿ, ಮುದ್ದೇಬಿಹಾಳ
ಎಲ್ಲರೂ ಕಾಗದ ಕಾಗದ ಅಂತೀರಿ. ವಂಶಾವಳಿ ಹೇಳೋ ಹೆಳವರನ್ನು ಕೇಳಿದ್ರಾ? ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಬರ್ತಾರೆ. ಮೊದಲು ಎತ್ತಿನ ಮೇಲೆ, ಈಗ ಬೈಕ್, ಟೆಂಪೋ. ಮನೆ ಮುಂದೆ ಕೂತು ಮೂಲಪುರುಷನಿಂದ ಶುರು ಮಾಡಿ ನಿಮ್ಮ ಕೂಸಿನ ಹೆಸರಿನವರೆಗೆ ಹೇಳ್ತಾರೆ. ಯಾವ ಊರಿಂದ ಬಂದಿರಿ, ಯಾವ ಬರಗಾಲದಲ್ಲಿ ಬಂದಿರಿ, ಏನು ಮಾಡ್ತಿದ್ದಿರಿ ಎಲ್ಲ ಬರೆದಿಟ್ಟಿರ್ತಾರೆ. ನಮ್ಮ ಮನೆಯವರು ಧಾತು-ಈಶ್ವರ ಸಂವತ್ಸರದ ಬರದಲ್ಲಿ ಊರು ಬಿಟ್ಟರು ಅಂತ ತಿಳಿದದ್ದು ಅವರಿಂದಲೇ. ಅದು 1876-78.

ಬಾದಾಮಿ ಬೆಟ್ಟ
ಹೆಳವರು ಕಾಳು, ದುಡ್ಡು ಕೊಟ್ಟವರನ್ನು ಹೊಗಳಿ ಹೇಳ್ತಾರೆ. ಎಲ್ಲರೂ ಶೂರರು, ಎಲ್ಲರೂ ದಾನಿಗಳು. ಅದನ್ನು ಇತಿಹಾಸ ಅನ್ನೋಕಾಗಲ್ಲ.

ಸುಗ್ಗಿ, ಮುದ್ದೇಬಿಹಾಳ
ಹೊಗಳಿಕೆ ಬಿಡಿ, ಹೆಸರು ಹಿಡಿರಿ. ನಮ್ಮ ಪಹಣಿ, ಹಳೇ ಫೇರ್‌ಫಾರ್ (ಹೊಲದ ಹಕ್ಕು ಬದಲಾವಣೆ ದಾಖಲೆ) ಎರಡರಲ್ಲೂ ಇದ್ದ ಹೆಸರು ಅವರ ಪುಸ್ತಕದಲ್ಲಿ ಅದೇ ಸಾಲಿನಲ್ಲಿ ಇದ್ದವು. ಸತ್ತ ಎಳೇ ಮಕ್ಕಳ ಹೆಸರೂ ಇತ್ತು, ಅದು ಯಾವ ಕಚೇರಿಯಲ್ಲಿ ಸಿಗುತ್ತದೆ ಹೇಳಿ?

ಹಳೆ ಕಾಗದ
ಸುಗ್ಗಿಯವರ ಮಾತಿಗೆ ನನ್ನ ಮತ. ಎರಡನ್ನೂ ಎದುರುಬದುರು ಇಟ್ಟು ನೋಡಿ. ಹೆಳವರ ಪುಸ್ತಕದ ಪುಟದ ಫೋಟೋ ತೆಗೆಯೋ ಮೊದಲು ಕೇಳಿ ತೆಗೀರಿ. ಅದು ಅವರ ಹೊಟ್ಟೆಪಾಡು, ಕೊಡಬೇಕಾದ್ದನ್ನು ಕೈತುಂಬ ಕೊಡಿ.

ಗುಳೇದಗುಡ್ಡದ ಮಗಳು
ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಕಂಡಿಕಿ ಅಕ್ಕ ಹೇಳಿದ ಹಾಗೆ ಅಪ್ಪನ ಸೋದರತ್ತೆಗೆ ಫೋನ್ ಮಾಡಿದೆ, ಅವರು ಕೆರೂರಿನಲ್ಲಿದ್ದಾರೆ. ಹರವಿ ಅಂದ ಕೂಡಲೇ “ನಾತದ ಹರವಿ ಏನ?” ಅಂದರು. ಅವರ ಅಜ್ಜಿ ಹಾಗೇ ಕರೀತಿದ್ದರಂತೆ. ಹುಳಿ ಬಂದಾಗ ಓಣಿಯವರೆಲ್ಲ ಮೂಗು ಮುಚ್ಚಿಕೊಂಡು ಹೋಗ್ತಿದ್ದರಂತೆ. ಹದ ಬಂತೋ ಇಲ್ಲವೋ ಅಂತ ನೋಡುತ್ತಿದ್ದದ್ದು ಆ ಮುತ್ಯಾನ ಹೆಂಡತಿ. ನೊರೆಯನ್ನು ಬೆರಳಲ್ಲಿ ತೆಗೆದು ಉಗುರಿನ ಮೇಲೆ ಸವರಿ ನೋಡಿ “ಇವತ್ತ ಬ್ಯಾಡ, ನಾಳೆ ಅದ್ದರಿ” ಅಂತ ಹೇಳ್ತಿದ್ದರಂತೆ. ಅವರ ಹೆಸರು ನನಗೆ ಗೊತ್ತೇ ಇರಲಿಲ್ಲ, ಈಗ ಸಿಕ್ಕಿದೆ.

ದೊಡ್ಡಪ್ಪನಿಗೆ ಈ ಚರ್ಚೆ ಓದಿ ಹೇಳಿದೆ. “ಬರಿ, ಆದರ ಸರಿಯಾಗಿ ಬರಿ” ಅಂದರು. ವಂಶಾವಳಿಯಲ್ಲಿ ಹೇಗೆ ಬರೀಲಿ? ನೀಲಗಾರ ಅಂತಲೋ ನೇಕಾರ ಅಂತಲೋ?

ಹಳೆ ಕಾಗದ
ಮನೆತನಕ್ಕೆ ಒಂದು ಕಸುಬು ಅಂತ ಬರೆಯಬೇಡಿ. ಒಬ್ಬೊಬ್ಬರ ಹೆಸರಿನ ಎದುರು ಬರೀರಿ, ಯಾವ ವರ್ಷ, ಯಾವ ಕಾಗದದಲ್ಲಿ ಅಂತ ಸಮೇತ. ‘ಸೋದರತ್ತೆ ಹೇಳಿದ್ದು’ ಅಂತಲೂ ಬರೀರಿ, ಅದೂ ಆಧಾರವೇ. ಮುಂದೆ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ 1911ರ ನಂತರದ ಇಂಡೆಕ್ಸ್ ನೋಡಿ. ಹರವಿ ಇದ್ದ ಹಿತ್ತಲನ್ನು ಯಾವಾಗಲಾದರೂ ಗಹಾಣ (ಅಡಮಾನ) ಇಟ್ಟಿದ್ದರೆ ಅಲ್ಲಿ ಮತ್ತೆ ‘ಧಂದೆ’ ಬರುತ್ತದೆ. ಅದು ಬದಲಾದ ವರ್ಷವೇ ಕಸುಬು ಬದಲಾದ ಸುಮಾರು ಕಾಲ. ಅಜ್ಜಂದಿರ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲೂ ತಂದೆಯ ಉದ್ಯೋಗ ಬರೆದಿದ್ದರೆ ನೋಡಿ.

ಮಗ್ಗದ ಮನಿ, ಇಳಕಲ್
ಆ ಅರೆಯುವ ಕಲ್ಲು ಇನ್ನೂ ಮನೆಯಲ್ಲಿ ಇದೆಯಾ ತಂಗೀ? ಇದ್ದರೆ ಫೋಟೋ ಹಾಕಿ. ಮಸಾಲೆ ಅರೆಯೋ ಕಲ್ಲಿಗೂ ಅದಕ್ಕೂ ಸವೆತ ಬೇರೆ ಇರುತ್ತದೆ.

ಗುಳೇದಗುಡ್ಡದ ಮಗಳು
ಹಿತ್ತಲಲ್ಲಿ ಬಟ್ಟೆ ಒಗೆಯೋಕೆ ಹಾಕಿರೋ ಒಂದು ಕಲ್ಲು ಇದೆ ಅಣ್ಣಾ, ಅದೇನಾ ಗೊತ್ತಿಲ್ಲ. ಈ ಭಾನುವಾರ ಊರಿಗೆ ಹೋದಾಗ ಫೋಟೋ ತೆಗೆದು ಹಾಕ್ತೇನೆ.

ಜಮಖಂಡಿಯವ
ನಂದೂ ಒಂದು ಪ್ರಶ್ನೆ ಇದೆ. ನಮ್ಮ ಹಳೇ ಕಾಗದದಲ್ಲಿ ಮುತ್ಯಾನ ಧಂದೆ ‘ಪೋತದಾರಿ’ ಅಂತ ಇದೆ. ಕೆಲವರು ಖಜಾಂಚಿ ಅಂತಾರೆ, ಕೆಲವರು ನಾಣ್ಯ ಪರೀಕ್ಷೆ ಮಾಡುವವ ಅಂತಾರೆ. ಪಕ್ಕದಲ್ಲಿ ಮೋಡಿ ಲಿಪಿಯಲ್ಲಿ ಎರಡು ಸಾಲು ಇದೆ, ಓದೋಕೆ ಬರ್ತಿಲ್ಲ.

ಹಳೆ ಕಾಗದ
ಎರಡೂ ಅರ್ಥ ಇವೆ, ಊರಿನ ಮೇಲೆ ಹೋಗುತ್ತದೆ. ಮೋಡಿಯ ಆ ಎರಡು ಸಾಲಿನ ಫೋಟೋ ಹಾಕಿ ಹೊಸ ಚರ್ಚೆ ಶುರು ಮಾಡಿ. ಅಂಚು ಕತ್ತರಿಸಬೇಡಿ, ಇಡೀ ಪುಟ ಬರಲಿ.